ಚಳಿಗಾಲದಲ್ಲಿ ಟ್ರಾಕ್ಟರು, ಪಂಪ್‌ಸೆಟ್ಟುಗಳು ಹೆಚ್ಚು ಡೀಸೆಲ್ ಕುಡಿಯುವುದೇಕೆ?

ಮಾಗಿಯ ಚಳಿ ಬಿದ್ದಿತೆಂದರೆ ಟ್ರಾಕ್ಟರು ಹಾಗೂ ಡೀಸೆಲ್ ಪಂಪ್‌ಸೆಟ್ಟು ಇಟ್ಟುಕೊಂಡಿರುವ ರೈತರಿಂದ ಒಂದು ದೂರು ತಪ್ಪದೆ ಕೇಳಿಬರುತ್ತದೆ. ಬೇಸಿಗೆಯಲ್ಲಿ ಒಂದು ಕ್ಯಾನು ಎಣ್ಣೆಗೆ ಆಗುತ್ತಿದ್ದ ಕೆಲಸ ಈಗ ಆಗುವುದಿಲ್ಲ ಎಂಬುದೇ ಆ ದೂರು. ಕೆಲವರು ಬಂಕಿನ ಅಳತೆಯ ಮೇಲೆ ಸಂಶಯ ಪಡುತ್ತಾರೆ. ಕೆಲವರು ಡ್ರೈವರನ್ನು ಗದರಿಸುತ್ತಾರೆ. ಮತ್ತೆ ಕೆಲವರು ನಾಜಲ್ ಕೆಟ್ಟಿರಬೇಕೆಂದು ಡೀಸೆಲ್ ಪಂಪನ್ನು ಬಿಚ್ಚಿಸಿ ಸಾವಿರಾರು ರೂಪಾಯಿ ಖರ್ಚು ಮಾಡುತ್ತಾರೆ. ಇವುಗಳಲ್ಲಿ ಯಾವುದಾದರೊಂದು ನಿಜವಿದ್ದರೂ ಇರಬಹುದು. ಆದರೆ ಯಾರ ತಪ್ಪೂ ಇಲ್ಲದೆ, ಯಾವ ಭಾಗವೂ ಕೆಡದೆ ಕೂಡ, ತಣ್ಣಗಿರುವ ಎಂಜಿನ್ನು ಬಿಸಿಯಾಗಿರುವ ಎಂಜಿನ್ನಿಗಿಂತ ಹೆಚ್ಚು ಇಂಧನ ಬೇಡುತ್ತದೆ. ಅದೇಕೆಂದು ತಿಳಿದುಕೊಂಡರೆ ಈ ನಷ್ಟದ ಬಹುಭಾಗವನ್ನು ಖರ್ಚಿಲ್ಲದೆಯೇ ತಪ್ಪಿಸಬಹುದು.

ಮೋಟಾರು ಕಾರುಗಳ ವಿಷಯದಲ್ಲಿ ಇದನ್ನು ಅಳೆದು ನೋಡಲಾಗಿದೆ. ಅಮೆರಿಕದ ಇಂಧನ ಇಲಾಖೆ ಪ್ರಕಟಿಸಿರುವ ಪ್ರಕಾರ, ಹೊರಗಿನ ಉಷ್ಣತೆ 25° ಸೆಂ. ಇದ್ದಾಗ ಪೇಟೆಯೊಳಗೆ ಓಡುವ ಪೆಟ್ರೋಲ್ ಕಾರು ಕೊಡುವ ಮೈಲೇಜು, ಉಷ್ಣತೆ ಸೊನ್ನೆಗಿಂತ 7° ಕೆಳಗಿಳಿದಾಗ ಸುಮಾರು ಶೇಕಡ 15ರಷ್ಟು ಕಡಿಮೆಯಾಗುತ್ತದೆ. ಐದಾರು ಕಿಲೋಮೀಟರಿನ ಸಣ್ಣ ಓಡಾಟವಾದರೆ ಈ ಇಳಿಕೆ ಶೇಕಡ 24ರವರೆಗೂ ಹೋಗಬಹುದು. ನಮ್ಮಲ್ಲಿ ಅಂಥ ಚಳಿ ಇಲ್ಲ. ಬೀದರ್, ವಿಜಯಪುರ, ಕಲಬುರಗಿ ಕಡೆ ಡಿಸೆಂಬರ್-ಜನವರಿ ತಿಂಗಳ ಬೆಳಗಿನ ಜಾವ ಉಷ್ಣತೆ 10°ಯ ಆಸುಪಾಸಿಗೆ ಇಳಿಯುವುದುಂಟು, ಕೆಲವು ವರ್ಷ ಅದಕ್ಕೂ ಕೆಳಗೆ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣತೆಯೇ 7.8° ಸೆಂ.; ಅದೂ 1884ರ ಜನವರಿ 13ರಂದು. ಇಷ್ಟು ಚಳಿಗೆ ಕಬ್ಬಿಣದ ಯಂತ್ರ ನಡುಗುವುದೇ ಎಂದು ಯಾರಾದರೂ ಕೇಳಬಹುದು.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಎಂಜಿನ್ನಿಗೆ ಹಿತವಾದ ಶಾಖ 80°ಯಿಂದ 90°. ಬೆಳಗ್ಗೆ 10° ಇರುವ ಎಂಜಿನ್ನು ಆ ಮಟ್ಟಕ್ಕೆ ಏರಬೇಕಾದರೆ, ಬೇಸಿಗೆಯಲ್ಲಿ 30°ಯಿಂದ ಏರುವುದಕ್ಕಿಂತ ದಾರಿ ಹೆಚ್ಚು. ಎರಡನೆಯದು ಇನ್ನೂ ಮುಖ್ಯ. ಹೊರಗಿನ ಚಳಿಗಿಂತ ಹೆಚ್ಚಿನ ಚಳಿಯನ್ನು ರೈತರು ತಾವಾಗಿಯೇ ಎಂಜಿನ್ನಿನ ಒಳಗೆ ತರುತ್ತಾರೆ. ಪಂಪ್‌ಸೆಟ್ಟಿಗೆ ಬಾವಿಯ ತಣ್ಣೀರನ್ನು ಧಾರಾಳವಾಗಿ ಹಾಯಿಸುವುದು, ಟ್ರಾಕ್ಟರಿನ ಥರ್ಮೋಸ್ಟಾಟನ್ನು ಕಿತ್ತು ಹಾಕುವುದು - ಇವೆರಡೂ ವರ್ಷವಿಡೀ ಎಂಜಿನ್ನಿಗೆ ಮಾಗಿಯ ಕಾಲವನ್ನೇ ತಂದಿಡುವ ಅಭ್ಯಾಸಗಳು.

ತಣ್ಣನೆಯ ಹಂಚು

ಜೋಳದ ರೊಟ್ಟಿ ಬೇಯಿಸುವ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ ಒಂದಿದೆ. ಹಂಚು ಕಾಯುವ ತನಕ ಉರಿದ ಸೌದೆಯಿಂದ ಒಂದು ರೊಟ್ಟಿಯೂ ಬೇಯುವುದಿಲ್ಲ. ಹಂಚು ಕಾದ ಮೇಲೆ ಅದೇ ಸೌದೆಗೆ ಒಂದರ ಹಿಂದೊಂದು ರೊಟ್ಟಿ ಏಳುತ್ತವೆ. ಎಂಜಿನ್ನಿನ ಸ್ಥಿತಿಯೂ ಇದೇ.

ಒಂದು ಕಿಲೋಗ್ರಾಂ ಡೀಸೆಲ್ ಸಂಪೂರ್ಣವಾಗಿ ಉರಿದರೆ ಸುಮಾರು 10,000 ಕಿಲೋ ಕ್ಯಾಲೊರಿ ಶಾಖ ಬರುತ್ತದೆ. ಒಳ್ಳೆಯ ಸ್ಥಿತಿಯಲ್ಲಿರುವ ಎಂಜಿನ್ನಿನಲ್ಲಿ ಕೂಡ ಇದರ ಮೂರನೆಯ ಒಂದು ಪಾಲು ಮಾತ್ರ ಕೆಲಸವಾಗಿ ಪರಿವರ್ತನೆ ಹೊಂದುತ್ತದೆ. ಮತ್ತೊಂದು ಪಾಲು ಹೊಗೆಕೊಳವೆಯ ಮೂಲಕ ಹೊರಗೆ ಹೋಗುತ್ತದೆ. ಉಳಿದದ್ದು ಸಿಲಿಂಡರಿನ ಗೋಡೆಯ ಮೂಲಕ ತಂಪುಗೊಳಿಸುವ ನೀರಿಗೂ ಸುತ್ತಲಿನ ಗಾಳಿಗೂ ಸೇರುತ್ತದೆ. ಸಿಲಿಂಡರಿನ ಗೋಡೆ ತಣ್ಣಗಿದ್ದಷ್ಟೂ ಉರಿಯುವ ಅನಿಲದಿಂದ ಅದು ಹೆಚ್ಚು ಶಾಖವನ್ನು ಎಳೆದುಕೊಳ್ಳುತ್ತದೆ. ಹೀಗೆ ಗೋಡೆಯ ಪಾಲು ಹೆಚ್ಚಾದರೆ ಕೆಲಸದ ಪಾಲು ಕಡಿಮೆಯಾಗಲೇಬೇಕು.

ಡೀಸೆಲ್ ಎಂಜಿನ್ನಿಗೆ ಇನ್ನೊಂದು ತೊಂದರೆ ಇದೆ. ಪೆಟ್ರೋಲ್ ಎಂಜಿನ್ನಿನಲ್ಲಿರುವಂತೆ ಇದರಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಗಾಳಿಯನ್ನು ಹದಿನಾರು, ಹದಿನೇಳು ಪಟ್ಟು ಒತ್ತಿದಾಗ ಅದು 500°ಗೂ ಮಿಕ್ಕಿ ಕಾಯುತ್ತದೆ. ಆ ಬಿಸಿಗಾಳಿಯೊಳಕ್ಕೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಗೋಡೆ, ಪಿಸ್ಟನ್, ಹೆಡ್ಡು ಎಲ್ಲವೂ ತಣ್ಣಗಿದ್ದರೆ ಒತ್ತಿದ ಗಾಳಿಯ ಶಾಖ ಅವುಗಳಿಗೆ ಸೋರಿ ಹೋಗುತ್ತದೆ. ಡೀಸೆಲ್ ಹೊತ್ತಿಕೊಳ್ಳುವುದು ತಡವಾಗುತ್ತದೆ. ಅಷ್ಟರಲ್ಲಿ ಒಳಗೆ ಬಿದ್ದು ಸೇರಿದ ಡೀಸೆಲ್ಲೆಲ್ಲ ಒಮ್ಮೆಲೇ ಹೊತ್ತಿದಾಗ ಟಕಟಕ ಎಂಬ ಗಡುಸಾದ ಸದ್ದು ಕೇಳಿಬರುತ್ತದೆ. ಹೊತ್ತಿಕೊಳ್ಳದೆ ಉಳಿದ ಭಾಗ ಬಿಳಿಯ ಹೊಗೆಯಾಗಿ, ಕಣ್ಣು ಉರಿಸುವ ವಾಸನೆಯೊಡನೆ ಹೊರಗೆ ಬರುತ್ತದೆ. ಚಳಿಗಾಲದ ಬೆಳಗ್ಗೆ ಕಾಣುವ ಈ ಬಿಳಿ ಹೊಗೆ ಬಹುಮಟ್ಟಿಗೆ ಉರಿಯದ ಡೀಸೆಲ್ಲಿನ ಮಂಜೇ ಆಗಿದೆ. ಕಪ್ಪು ಹೊಗೆಯ ಕಾರಣ ಬೇರೆ. ಅದು ಹೊರೆ ಹೆಚ್ಚಾದಾಗ ಅಥವಾ ಗಾಳಿ ಸಾಲದಾದಾಗ ಬರುವಂಥದು. ಎಂಜಿನ್ನು ಚೆನ್ನಾಗಿ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಮಾತ್ರ ನಾಜಲ್, ಕಂಪ್ರೆಷನ್ ಅಥವಾ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಸಂಶಯ ಪಡಬೇಕು.

ಉರಿಯದೆ ಉಳಿದ ಡೀಸೆಲ್ಲೆಲ್ಲ ಹೊಗೆಕೊಳವೆಯಿಂದಲೇ ಹೋದರೆ ನಷ್ಟ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸ್ವಲ್ಪ ಭಾಗ ಸಿಲಿಂಡರಿನ ಗೋಡೆಯ ಮೇಲಿರುವ ಕೀಲೆಣ್ಣೆಯ ಪೊರೆಯನ್ನು ತೊಳೆದು ಕೆಳಗಿನ ಸಂಪಿಗೆ ಇಳಿಯುತ್ತದೆ. ಇದರ ಜೊತೆಗೆ ನೀರೂ ಸೇರುತ್ತದೆ. ಡೀಸೆಲ್ಲಿನಲ್ಲಿರುವ ಜಲಜನಕ ಉರಿದಾಗ ನೀರಿನ ಆವಿಯಾಗುತ್ತದೆ. ಒಂದು ಲೀಟರ್ ಡೀಸೆಲ್ ಉರಿದರೆ ಹುಟ್ಟುವ ನೀರು ಹೆಚ್ಚು ಕಡಿಮೆ ಒಂದು ಲೀಟರ್ ಎಂದರೆ ಹಲವರಿಗೆ ಆಶ್ಚರ್ಯವಾಗಬಹುದು. ಬಿಸಿ ಎಂಜಿನ್ನಿನಲ್ಲಿ ಇದು ಆವಿಯಾಗಿಯೇ ಹೊರಟುಹೋಗುತ್ತದೆ. ತಣ್ಣನೆಯ ಗೋಡೆಗೆ ತಾಗಿದರೆ ಹನಿಗಟ್ಟುತ್ತದೆ. ಎಣ್ಣೆ ಹಾಕುವ ಮುಚ್ಚಳವನ್ನು ತೆರೆದಾಗ ಕೆಳಭಾಗದಲ್ಲಿ ಮಜ್ಜಿಗೆಯ ನೊರೆಯಂಥ ಬೆಳ್ಳನೆಯ ಜಿಡ್ಡು ಕಂಡುಬಂದರೆ ಎಂಜಿನ್ನು ಸಾಕಷ್ಟು ಬಿಸಿಯಾಗದೆ ಓಡುತ್ತಿರಬಹುದೆಂದು ತಿಳಿಯಬೇಕು. ಹಿಂದೆ ಡೀಸೆಲ್ಲಿನಲ್ಲಿ ಗಂಧಕದ ಅಂಶ ಹೆಚ್ಚಾಗಿದ್ದಾಗ ಈ ನೀರು ಆಮ್ಲವಾಗಿ ಲೈನರನ್ನು ತಿನ್ನುತ್ತಿತ್ತು. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಮಾರಾಟವಾಗುತ್ತಿರುವ ಬಿ.ಎಸ್.-6 ಡೀಸೆಲ್ಲಿನಲ್ಲಿ ಗಂಧಕ ಹತ್ತು ಲಕ್ಷದಲ್ಲಿ 10 ಭಾಗವನ್ನು ಮೀರುವಂತಿಲ್ಲವಾದ್ದರಿಂದ ಆಮ್ಲದ ಕಾಟ ಬಹಳ ತಗ್ಗಿದೆ. ನೀರಿನ ಮತ್ತು ಡೀಸೆಲ್ ತೊಳೆಯುವಿಕೆಯ ಕಾಟ ತಗ್ಗಿಲ್ಲ.

ಗಟ್ಟಿಯಾದ ಕೀಲೆಣ್ಣೆ

ಚಳಿಯಲ್ಲಿ ಹರಳೆಣ್ಣೆ ಹೇಗೆ ಗಟ್ಟಿಯಾಗಿ ಸುರಿಯುವುದೋ ಹಾಗೆಯೇ ಎಂಜಿನ್ನಿನ ಕೀಲೆಣ್ಣೆಯೂ ದಪ್ಪವಾಗುತ್ತದೆ. ಪಂಪ್‌ಸೆಟ್ಟುಗಳಲ್ಲಿ ಬಳಸುವ ಎಸ್.ಎ.ಇ. 40 ದರ್ಜೆಯ ಎಣ್ಣೆಯ ಸ್ನಿಗ್ಧತೆ 100°ಯಲ್ಲಿ ಎಷ್ಟಿರುವುದೋ 40°ಯಲ್ಲಿ ಅದರ ಸುಮಾರು ಹತ್ತು ಪಟ್ಟು ಇರುತ್ತದೆ. 10°ಗೆ ಇಳಿದರೆ ಇನ್ನೂ ಅನೇಕ ಪಟ್ಟು. ಬೆಳಗ್ಗೆ ಹ್ಯಾಂಡಲ್ ತಿರುಗಿಸುವಾಗ ತೋಳಿಗೆ ಬರುವ ಭಾರ ಈ ದಪ್ಪ ಎಣ್ಣೆಯದೇ. ಎಂಜಿನ್ನು ಹೊತ್ತಿಕೊಂಡ ಮೇಲೆ ಆ ಭಾರ ಮಾಯವಾಗುವುದಿಲ್ಲ. ತೋಳಿನ ಬದಲು ಡೀಸೆಲ್ ಅದನ್ನು ಹೊರುತ್ತದೆ, ಅಷ್ಟೇ.

ಟ್ರಾಕ್ಟರಿನಲ್ಲಿ ಎಂಜಿನ್ ಎಣ್ಣೆಯ ಜೊತೆಗೆ ಗೇರುಪೆಟ್ಟಿಗೆ, ಹಿಂದಿನ ಆಕ್ಸಲ್ ಮತ್ತು ಹೈಡ್ರಾಲಿಕ್ಕಿನ ಎಣ್ಣೆಯೂ ಇದೆ. ಇದರ ಪ್ರಮಾಣ ಎಂಜಿನ್ ಎಣ್ಣೆಗಿಂತ ಎಷ್ಟೋ ಪಟ್ಟು ಹೆಚ್ಚು. ಇದಕ್ಕೆ ಉರಿಯ ಶಾಖ ತಾಗುವುದಿಲ್ಲ. ಹಲ್ಲುಚಕ್ರಗಳ ಉಜ್ಜಾಟದಿಂದಲೇ ಬಿಸಿಯಾಗಬೇಕು. ಆದ್ದರಿಂದ ರೇಡಿಯೇಟರಿನ ಮುಳ್ಳು ಹಸಿರು ಭಾಗಕ್ಕೆ ಬಂದ ಮೇಲೂ ಬಹಳ ಹೊತ್ತಿನವರೆಗೆ ಹಿಂಭಾಗ ತಣ್ಣಗೇ ಇರುತ್ತದೆ. ಕೈಪಿಡಿಯಲ್ಲಿ ಹೇಳಿದ ದರ್ಜೆಗಿಂತ ದಪ್ಪನೆಯ ಎಣ್ಣೆ ಹಾಕಿದರೆ ಯಂತ್ರಕ್ಕೆ ಬಲ ಬರುತ್ತದೆಂಬ ನಂಬಿಕೆ ಕೆಲವರಲ್ಲಿದೆ. ಸವೆದ ಎಂಜಿನ್ನಿನ ಸದ್ದು ಅದರಿಂದ ಸ್ವಲ್ಪ ಅಡಗೀತು, ಆದರೆ ಚಳಿಗಾಲದ ಬೆಳಗ್ಗೆ ಅದರ ಬೆಲೆ ತೆರಬೇಕಾಗುತ್ತದೆ. 15ಡಬ್ಲ್ಯು-40ರಂಥ ಬಹುದರ್ಜೆಯ ಎಣ್ಣೆಯನ್ನು ಕೈಪಿಡಿ ಒಪ್ಪುವುದಾದರೆ ಅದನ್ನೇ ಬಳಸುವುದು ಮೇಲು.

ಪಂಪ್‌ಸೆಟ್ಟಿನ ನೀರು

ರಾಜ್ಯದಲ್ಲಿ ನೀರೆತ್ತುವ ಕೆಲಸ ಬಹುಮಟ್ಟಿಗೆ ವಿದ್ಯುತ್ ಮೋಟಾರುಗಳಿಂದಲೇ ನಡೆಯುತ್ತಿದೆ. ಆದರೂ ನದಿ, ಹಳ್ಳ, ಕಾಲುವೆಗಳ ದಂಡೆಯಲ್ಲಿ, ಕರೆಂಟು ತಲುಪದ ಹೊಲಗಳಲ್ಲಿ ಡೀಸೆಲ್ ಎಂಜಿನ್ನುಗಳು ಇನ್ನೂ ಓಡುತ್ತಿವೆ. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿ ತೋಟಗಳಲ್ಲಿ ಹೂಮಳೆ ಕೈಕೊಟ್ಟಾಗ ಫೆಬ್ರವರಿ-ಮಾರ್ಚ್ ತಿಂಗಳಲ್ಲಿ ತುಂತುರು ನೀರಾವರಿಗೆ ಇವೇ ಆಧಾರ. ಎಂಜಿನ್ನನ್ನು ಅತಿಯಾಗಿ ತಣಿಸಿ ಡೀಸೆಲ್ ಕಳೆದುಕೊಳ್ಳುವುದು ಹೆಚ್ಚಾಗಿ ಕಂಡುಬರುವುದು ಈ ಪಂಪ್‌ಸೆಟ್ಟುಗಳಲ್ಲಿಯೇ.

ಪಂಪು ಎತ್ತಿದ ನೀರಿನಲ್ಲಿ ಒಂದು ಕವಲನ್ನು ಎಂಜಿನ್ನಿನ ಹೊದಿಕೆಯೊಳಕ್ಕೆ ತಿರುಗಿಸಿ, ಅಲ್ಲಿಂದ ಹೊರಬಂದ ನೀರನ್ನು ಕಾಲುವೆಗೆ ಬಿಡುವುದು ವಾಡಿಕೆ. ನೀರು ಹೇಗೂ ಪುಕ್ಕಟೆ, ಎಂಜಿನ್ನು ತಣ್ಣಗಿದ್ದಷ್ಟೂ ಒಳ್ಳೆಯದು ಎಂದು ನಲ್ಲಿಯನ್ನು ಪೂರ್ತಿ ತೆರೆದಿಡುತ್ತಾರೆ. ದುಡಿದ ಎತ್ತಿನ ಮೈ ತೊಳೆದು ತಂಪು ಮಾಡುವ ರೈತನಿಗೆ ಇದು ಸಹಜವಾಗಿಯೇ ತೋರುತ್ತದೆ. ಆದರೆ ಎಂಜಿನ್ನು ಎತ್ತಿನಂತಲ್ಲ.

ಲೆಕ್ಕ ಹಾಕಿ ನೋಡಬಹುದು. 5 ಅಶ್ವಶಕ್ತಿಯ ಎಂಜಿನ್ನು ಪೂರ್ಣ ಹೊರೆಯಲ್ಲಿ ಗಂಟೆಗೆ ಸುಮಾರು 1 ಕಿಲೋಗ್ರಾಂ, ಅಂದರೆ 1.2 ಲೀಟರಿನಷ್ಟು ಡೀಸೆಲ್ ಉರಿಸುತ್ತದೆಂದು ಇಟ್ಟುಕೊಳ್ಳೋಣ. ಅದರ ಶಾಖದಲ್ಲಿ ನೀರಿಗೆ ಸೇರುವ ಪಾಲು ಸುಮಾರು 3,000 ಕಿಲೋ ಕ್ಯಾಲೊರಿ. ಬಾವಿಯ ನೀರು 25° ಇದ್ದು, ಎಂಜಿನ್ನಿನಿಂದ 65°ಯಲ್ಲಿ ಹೊರಬರಬೇಕಾದರೆ ಪ್ರತಿ ಲೀಟರ್ ನೀರು 40 ಕಿಲೋ ಕ್ಯಾಲೊರಿಯನ್ನು ಹೊತ್ತೊಯ್ಯುತ್ತದೆ. ಹಾಗಾದರೆ ಗಂಟೆಗೆ 75 ಲೀಟರ್, ಅಂದರೆ ನಿಮಿಷಕ್ಕೆ ಒಂದೂಕಾಲು ಲೀಟರ್ ನೀರು ಸಾಕು. ಅರ್ಧ ಅಂಗುಲದ ನಲ್ಲಿಯನ್ನು ಪೂರ್ತಿ ತೆರೆದು ನಿಮಿಷಕ್ಕೆ 12 ಲೀಟರ್ ಬಿಟ್ಟರೆ ಅದೇ ಶಾಖ 720 ಲೀಟರಿಗೆ ಹಂಚಿಹೋಗಿ ನೀರು ಕೇವಲ 4° ಬಿಸಿಯಾಗುತ್ತದೆ. ಎಂಜಿನ್ನು ದಿನವಿಡೀ 30°ಗಿಂತ ಕಡಿಮೆ ಶಾಖದ ನೀರಿನಲ್ಲಿ ಮುಳುಗಿದಂತೆಯೇ ಇರುತ್ತದೆ. ಮೇ ತಿಂಗಳ ಬಿಸಿಲಿನಲ್ಲೂ ಅದರ ಪಾಲಿಗೆ ಚಳಿಗಾಲವೇ.

ಹಾಗೆಂದು ನೀರನ್ನು ಕುದಿಯುವಂತೆ ಮಾಡಬೇಕೆಂದಲ್ಲ. ಹೊಸ ನೀರು ಸದಾ ಹಾಯುತ್ತಿರುವ ಏರ್ಪಾಡಿನಲ್ಲಿ ಹೊರಬರುವ ನೀರು 60°ಯಿಂದ 65°ಯನ್ನು ಮೀರದಿರುವುದೇ ಒಳ್ಳೆಯದು. ಗಡಸು ನೀರನ್ನು ಇದಕ್ಕಿಂತ ಹೆಚ್ಚು ಕಾಯಿಸಿದರೆ ಅದರಲ್ಲಿ ಕರಗಿರುವ ಸುಣ್ಣದ ಅಂಶ ಬೇರ್ಪಟ್ಟು, ನೀರೊಲೆಯ ಹಂಡೆಗೆ ಕಟ್ಟುವಂತೆ, ಹೊದಿಕೆಯ ಒಳಗೋಡೆಗೆ ಚಕ್ಕೆ ಕಟ್ಟುತ್ತದೆ. ಕೊಳವೆ ಬಾವಿಯ ನೀರಿನಲ್ಲಿ ಈ ತೊಂದರೆ ಹೆಚ್ಚು. ಅದೇ ನೀರು ಮತ್ತೆ ಮತ್ತೆ ಸುತ್ತುವ ರೇಡಿಯೇಟರ್ ಏರ್ಪಾಡಿನಲ್ಲಿ ಹೊಸ ಸುಣ್ಣ ಬಂದು ಸೇರದ ಕಾರಣ 80°ಗೂ ಭಯವಿಲ್ಲ.

ಹೊರಬರುವ ನೀರನ್ನು ಒಂದು ಚೊಂಬಿನಲ್ಲಿ ಹಿಡಿದು ತಾಪಮಾಪಕ ಇಟ್ಟು ನೋಡುವುದು ಸರಿಯಾದ ಕ್ರಮ. ತಾಪಮಾಪಕ ಇಲ್ಲದಿದ್ದರೆ ಚೊಂಬಿನ ಹೊರಮೈಯನ್ನು ಮುಟ್ಟಿ ನೋಡಬಹುದು. ಮುಟ್ಟಿದ ಕೂಡಲೇ ಕೈ ಹಿಂದೆಗೆಯುವಷ್ಟು ಬಿಸಿ ಇದ್ದರೆ ಸರಿಯಾಗಿದೆ. ಆರಾಮವಾಗಿ ಹಿಡಿದುಕೊಳ್ಳುವಂತಿದ್ದರೆ ಎಂಜಿನ್ನು ತಣ್ಣಗಿದೆ, ನಲ್ಲಿಯನ್ನು ಇನ್ನಷ್ಟು ಬಿಗಿಯಬೇಕು. ನೀರಿನ ಧಾರೆಗೆ ನೇರವಾಗಿ ಕೈಯೊಡ್ಡಬಾರದು. 60°ಯ ನೀರು ಕ್ಷಣಮಾತ್ರದಲ್ಲಿ ಚರ್ಮ ಸುಡುತ್ತದೆ.

ಆದರೆ ನಲ್ಲಿ ಬಿಗಿಯುವುದರಲ್ಲಿ ಎರಡು ಕೊರತೆಗಳಿವೆ. ಅಷ್ಟು ಸಣ್ಣ ಧಾರೆಗೆ ಒಂದು ಕಸದ ಎಳೆ ಅಡ್ಡ ಬಂದರೂ ನೀರು ನಿಂತು ಎಂಜಿನ್ನು ಜಾಮಾಗಬಹುದು. ಅಲ್ಲದೆ ಹೊದಿಕೆಯ ಕೆಳಭಾಗಕ್ಕೆ ತಣ್ಣೀರು ತಾಗಿ ಮೇಲ್ಭಾಗ ಮಾತ್ರ ಬಿಸಿ ಇರುವುದರಿಂದ ಸಿಲಿಂಡರು ಒಂದೇ ಸಮನಾಗಿ ಕಾಯುವುದಿಲ್ಲ. ಇವೆರಡನ್ನೂ ತಪ್ಪಿಸಲು ಪೀಪಾಯಿಯ ಏರ್ಪಾಡು ಉತ್ತಮ. 200 ಲೀಟರಿನ ಒಂದು ಪೀಪಾಯಿಯನ್ನು ಎಂಜಿನ್ನಿನ ಪಕ್ಕದಲ್ಲಿ ಕಟ್ಟೆಯ ಮೇಲೆ ನಿಲ್ಲಿಸಬೇಕು. ಪೀಪಾಯಿಯ ತಳದಿಂದ ಒಂದು ಕೊಳವೆ ಎಂಜಿನ್ನಿನ ಕೆಳಗಿನ ಬಾಯಿಗೆ, ಎಂಜಿನ್ನಿನ ಮೇಲಿನ ಬಾಯಿಯಿಂದ ಇನ್ನೊಂದು ಕೊಳವೆ ಪೀಪಾಯಿಯ ಮೇಲ್ಭಾಗಕ್ಕೆ. ಬಿಸಿಯಾದ ನೀರು ಹಗುರಾಗಿ ತಾನೇ ಮೇಲೇರಿ ಪೀಪಾಯಿಗೆ ಹೋಗುತ್ತದೆ, ತಣ್ಣನೆಯದು ಕೆಳಗಿನಿಂದ ಬಂದು ಸೇರುತ್ತದೆ. ಇದಕ್ಕೆ ಪಂಪು ಬೇಡ, ನಲ್ಲಿಯೂ ಬೇಡ. ಮೇಲಿನ ಕೊಳವೆ ಎಂಜಿನ್ನಿನಿಂದ ಪೀಪಾಯಿಯ ಕಡೆಗೆ ಏರುತ್ತಾ ಹೋಗಬೇಕು, ಎಲ್ಲಿಯೂ ತಗ್ಗಬಾರದು. ಪೀಪಾಯಿಯಲ್ಲಿ ನೀರಿನ ಮಟ್ಟ ಆ ಕೊಳವೆಯ ಬಾಯಿಗಿಂತ ಮೂರು ನಾಲ್ಕು ಅಂಗುಲ ಮೇಲಿರಲೇಬೇಕು. ಬಾಯಿ ಬರಿದಾದರೆ ಸುತ್ತಾಟ ನಿಂತುಹೋಗುತ್ತದೆ. ಕೊಳವೆಗಳು ಎಂಜಿನ್ನಿನ ಬಾಯಿಗಿಂತ ಸಣ್ಣದಾಗಿರಬಾರದು.

ಪೀಪಾಯಿಯಲ್ಲಿ 180 ಲೀಟರ್ ನೀರಿದ್ದರೆ ಮೇಲಿನ ಲೆಕ್ಕದ ಎಂಜಿನ್ನು ಅದನ್ನು ಗಂಟೆಗೆ 16-17° ಬಿಸಿ ಮಾಡುತ್ತದೆ. ಎರಡೂವರೆ ಮೂರು ಗಂಟೆಯಲ್ಲಿ ಅದು ಬೇಕಾದ ಶಾಖಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಪೀಪಾಯಿಯ ಮೈಯಿಂದ ಮತ್ತು ಆವಿಯ ಮೂಲಕ ಶಾಖ ಹೊರಹೋಗುತ್ತದೆ. ಸಾಲದಿದ್ದರೆ ಪಂಪಿನಿಂದ ಸ್ವಲ್ಪ ಸ್ವಲ್ಪವೇ ತಣ್ಣೀರು ಸೇರಿಸಿ ಮೇಲಿನ ಬಿಸಿನೀರನ್ನು ತುಳುಕಿಸಬಹುದು. ದಿನಕ್ಕೆ ಎಂಟು ಹತ್ತು ಗಂಟೆ ಓಡಿಸುವವರು ಎರಡು ಪೀಪಾಯಿಗಳನ್ನು ಜೋಡಿಸಿಕೊಳ್ಳಬೇಕು. ಗಂಟೆಗೆ 100 ಮಿಲಿಲೀಟರ್ ಡೀಸೆಲ್ ಮಾತ್ರ ಉಳಿದರೂ ಒಂದು ಹಂಗಾಮಿನಲ್ಲಿ 400 ಗಂಟೆ ಓಡುವ ಎಂಜಿನ್ನಿಗೆ ಅದು 40 ಲೀಟರ್ ಆಗುತ್ತದೆ. ಹಳೆಯ ಪೀಪಾಯಿ, ನಾಲ್ಕು ಮಾರು ಕೊಳವೆಯ ಬೆಲೆ ಎಷ್ಟೆಂದು ರೈತರೇ ಹೋಲಿಸಿ ನೋಡಬಹುದು. ಒಂದು ಎಚ್ಚರಿಕೆ: ಕಾದ ಎಂಜಿನ್ನಿಗೆ ಒಮ್ಮೆಲೇ ತಣ್ಣೀರು ಹಾಯಿಸಿದರೆ ಹೆಡ್ಡು ಸೀಳು ಬಿಡುತ್ತದೆ.

ಟ್ರಾಕ್ಟರಿನ ಥರ್ಮೋಸ್ಟಾಟು

ಟ್ರಾಕ್ಟರು ತಯಾರಿಸುವವರು ಈ ಕೆಲಸಕ್ಕಾಗಿಯೇ ಥರ್ಮೋಸ್ಟಾಟ್ ಎಂಬ ಸಣ್ಣ ಬಾಗಿಲನ್ನು ಇಟ್ಟಿರುತ್ತಾರೆ. ಅದರೊಳಗೆ ಒಂದು ಬಗೆಯ ಮೇಣವಿದೆ. ನೀರು 70-80° ತಲುಪುವ ತನಕ ಬಾಗಿಲು ಮುಚ್ಚಿದ್ದು, ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನೊಳಗೇ ಸುತ್ತುತ್ತದೆ. ಆಮೇಲೆ ಮೇಣ ಕರಗಿ ಹಿಗ್ಗಿ ಬಾಗಿಲು ತೆರೆಯುತ್ತದೆ. ಒಮ್ಮೊಮ್ಮೆ ಈ ಬಾಗಿಲು ಮುಚ್ಚಿಕೊಂಡೇ ಕೆಟ್ಟು ಎಂಜಿನ್ನು ವಿಪರೀತ ಕಾಯುವುದುಂಟು. ಹೊಲದ ನಡುವೆ ಟ್ರಾಕ್ಟರು ನಿಂತಾಗ ಕರೆಸಿದ ಮೆಕ್ಯಾನಿಕ್ಕು ಅದನ್ನು ಕಿತ್ತು ಕೆಲಸ ನಡೆಸಿಕೊಡುತ್ತಾನೆ. ಆ ದಿನದ ಮಟ್ಟಿಗೆ ಅವನು ಮಾಡಿದ್ದು ತಪ್ಪೆನ್ನಲಾಗದು. ಆದರೆ ಹೊಸದನ್ನು ತಂದು ಹಾಕುವವರು ಕಡಿಮೆ. ನಮ್ಮ ಬಿಸಿಲಿನ ದೇಶಕ್ಕೆ ಅದು ಬೇಕಿಲ್ಲ ಎಂಬ ಮಾತು ಅಂದಿನಿಂದ ಶುರುವಾಗುತ್ತದೆ.

ಥರ್ಮೋಸ್ಟಾಟ್ ಇಲ್ಲದ ಟ್ರಾಕ್ಟರಿನಲ್ಲಿ ಮೊದಲ ನಿಮಿಷದಿಂದಲೇ ನೀರು ರೇಡಿಯೇಟರಿಗೆ ಹೋಗಿ ತಣಿಯುತ್ತಿರುತ್ತದೆ. ಬಿತ್ತನೆ, ಔಷಧಿ ಸಿಂಪಡಣೆ, ಖಾಲಿ ಟ್ರೈಲರಿನ ಓಡಾಟ ಮೊದಲಾದ ಹಗುರ ಕೆಲಸಗಳಲ್ಲಿ ಎಂಜಿನ್ನು ಮಧ್ಯಾಹ್ನವಾದರೂ ಸರಿಯಾದ ಶಾಖಕ್ಕೆ ಬರುವುದಿಲ್ಲ. ಕೆಲವು ಎಂಜಿನ್ನುಗಳಲ್ಲಂತೂ ಥರ್ಮೋಸ್ಟಾಟ್ ತೆಗೆದರೆ ಒಳಸುತ್ತಿನ ದಾರಿ ಸದಾ ತೆರೆದೇ ಉಳಿದು, ಭಾರಿ ಉಳುಮೆಯ ಸಮಯದಲ್ಲಿ ರೇಡಿಯೇಟರಿಗೆ ಸಾಕಷ್ಟು ನೀರು ಹೋಗದೆ ಎಂಜಿನ್ನು ಕಾಯುತ್ತದೆ. ಯಾವ ಭಯಕ್ಕೆ ಅದನ್ನು ಕಿತ್ತರೋ ಆ ಭಯ ಹಾಗೆಯೇ ಉಳಿಯಿತು. ಥರ್ಮೋಸ್ಟಾಟ್ ಸರಿಯಿದೆಯೇ ಎಂದು ಮನೆಯಲ್ಲೇ ಪರೀಕ್ಷಿಸಬಹುದು. ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಒಲೆಯ ಮೇಲಿಟ್ಟರೆ, ನೀರು ಕುದಿಯುವ ಮೊದಲೇ ಬಾಗಿಲು ತೆರೆಯಬೇಕು, ಆರಿದಾಗ ಮುಚ್ಚಬೇಕು. ಎಷ್ಟು ಶಾಖಕ್ಕೆ ತೆರೆಯಬೇಕೆಂಬುದು ಅನೇಕ ವೇಳೆ ಅದರ ಮೇಲೆಯೇ ಅಚ್ಚಾಗಿರುತ್ತದೆ.

ಎಂಜಿನ್ನು ಬಿಸಿಯಾಗಲೆಂದು ಬೆಳಗ್ಗೆ ಸ್ಟಾರ್ಟ್ ಮಾಡಿಟ್ಟು, ಹಲ್ಲುಜ್ಜಿ, ಚಹಾ ಕುಡಿದು ಬರುವ ಪದ್ಧತಿ ಇನ್ನೊಂದು ಬಗೆಯ ನಷ್ಟ. ಸುಮ್ಮನೆ ಓಡುವ ಡೀಸೆಲ್ ಎಂಜಿನ್ನು ಬೇಗ ಬಿಸಿಯಾಗುವುದಿಲ್ಲ, ಏಕೆಂದರೆ ಅದು ಎಳೆದುಕೊಳ್ಳುವ ಗಾಳಿ ಬಹಳ, ಉರಿಸುವ ಡೀಸೆಲ್ ಕಡಿಮೆ. ಉರಿಯದ ಡೀಸೆಲ್ ಕೀಲೆಣ್ಣೆಗೆ ಸೇರುವುದು ಇಂಥ ಹೊತ್ತಿನಲ್ಲೇ ಹೆಚ್ಚು. 1978ರಲ್ಲಿ ಸ್ಥಾಪನೆಯಾದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘವು, ಕೆಲಸವಿಲ್ಲದೆ ಓಡುವ ಟ್ರಾಕ್ಟರು ಗಂಟೆಗೆ ಒಂದು ಲೀಟರಿಗೂ ಮಿಕ್ಕಿ ಡೀಸೆಲ್ ಕಳೆಯುತ್ತದೆಂದು ರೈತರಿಗೆ ಎಚ್ಚರಿಕೆ ಕೊಡುತ್ತಾ ಬಂದಿದೆ. ದಿನಕ್ಕೆ ಕಾಲು ಗಂಟೆಯಂತೆ ನೂರು ದಿನ ಹಿಡಿದರೆ 25 ಲೀಟರ್ ಆಯಿತು. ಸ್ಟಾರ್ಟ್ ಆದ ಮೇಲೆ ಎಣ್ಣೆಯ ಒತ್ತಡ ಏರಿ ಕೆಂಪು ದೀಪ ಆರಿ, ಎಂಜಿನ್ನು ಸಮನಾಗಿ ಓಡಲು ಒಂದೆರಡು ನಿಮಿಷ ಸಾಕು. ಆಮೇಲೆ ಮಧ್ಯಮ ವೇಗದಲ್ಲಿ, ಹಗುರ ಹೊರೆಯಲ್ಲಿ ಹೊರಡಬೇಕು. ಹೊಲಕ್ಕೆ ಹೋಗುವ ದಾರಿಯಲ್ಲೇ ಅದು ಕಾಯುತ್ತದೆ. ಮುಳ್ಳು ಹಸಿರಿಗೆ ಬರುವ ಮೊದಲು ನೇಗಿಲನ್ನು ಆಳಕ್ಕೆ ಇಳಿಸಬಾರದು.

ಸ್ಟಾರ್ಟ್ ಆಗದ ಎಂಜಿನ್ನಿನ ಗಾಳಿಬಾಯಿಗೆ ಪಂಜು ಹಿಡಿಯುವುದು ಅಪಾಯಕರ. ಫಿಲ್ಟರು ಹೊತ್ತಿಕೊಂಡರೆ ಟ್ರಾಕ್ಟರೇ ಹೋದೀತು. ನೀರಿನ ಹೊದಿಕೆಗೆ ಕುದಿಯದಂಥ ಬಿಸಿನೀರು ತುಂಬುವ ಹಳೆಯ ಉಪಾಯವೇ ಮೇಲು.

ಸಣ್ಣ ಓಡಾಟ, ಟೈರು ಮತ್ತು ಗಾಳಿ

ಐದಾರು ಕಿಲೋಮೀಟರಿನ ಓಡಾಟದಲ್ಲಿ ನಷ್ಟ ಹೆಚ್ಚೆಂದು ಮೇಲೆ ಹೇಳಿದ್ದು ಹಳ್ಳಿಯ ಬದುಕಿಗೆ ಚೆನ್ನಾಗಿ ಹೊಂದುತ್ತದೆ. ಹಾಲಿನ ಡೈರಿಗೆ ಒಮ್ಮೆ, ಗೊಬ್ಬರಕ್ಕೆ ಒಮ್ಮೆ, ಮಗನನ್ನು ಬಸ್ಸಿಗೆ ಬಿಡಲು ಮತ್ತೊಮ್ಮೆ ಹೋಗುವ ವಾಹನ ಪ್ರತಿ ಸಲವೂ ಕಾಯುವ ಮೊದಲೇ ಮನೆ ಸೇರುತ್ತದೆ. ಪೆಟ್ರೋಲ್ ಕಾರು, ಬೈಕುಗಳಲ್ಲಿ ಈ ನಷ್ಟ ಇನ್ನೂ ಸ್ಪಷ್ಟ. ತಣ್ಣಗಿರುವಾಗ ಪೆಟ್ರೋಲ್ ಸರಿಯಾಗಿ ಆವಿಯಾಗದ ಕಾರಣ ಅದನ್ನು ಹೆಚ್ಚಾಗಿಯೇ ಸುರಿಯಬೇಕಾಗುತ್ತದೆ. ಹಳೆಯ ಬೈಕುಗಳಲ್ಲಿ ಚೋಕ್ ಎಳೆಯುವುದು ಇದಕ್ಕಾಗಿಯೇ. ಹೊಸ ವಾಹನಗಳಲ್ಲಿ ಅದೇ ಕೆಲಸವನ್ನು ಎಂಜಿನ್ನಿನ ಶಾಖ ನೋಡಿಕೊಂಡು ಗಣಕಯಂತ್ರ ಮಾಡುತ್ತದೆ. ಮೂರು ಕೆಲಸಗಳನ್ನು ಒಂದೇ ಸುತ್ತಿನಲ್ಲಿ ಮುಗಿಸಿದರೆ ಎಂಜಿನ್ನು ಒಮ್ಮೆ ಮಾತ್ರ ಕಾಯಬೇಕಾಗುತ್ತದೆ.

ಉಷ್ಣತೆ 10° ಇಳಿದರೆ 30 ಪೌಂಡು ಗಾಳಿ ಇರುವ ಕಾರಿನ ಟೈರಿನಲ್ಲಿ ಸುಮಾರು ಒಂದೂವರೆ ಪೌಂಡು ಇಳಿಯುತ್ತದೆ. ಟ್ರೈಲರಿನ ಟೈರುಗಳಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಮೆತ್ತಗಾದ ಟೈರು ರಸ್ತೆಯ ಮೇಲೆ ಉರುಳಲು ಹೆಚ್ಚು ಎಳೆತ ಬೇಕು. ಕಬ್ಬು ಸಾಗಿಸುವ ಟ್ರೈಲರುಗಳಿಗೆ ಚಳಿಗಾಲವೇ ಹಂಗಾಮು. ಗಾಳಿಯನ್ನು ಬೆಳಗ್ಗೆ, ಹೊರಡುವ ಮೊದಲು ಅಳೆಯಬೇಕು.

ಚಳಿಯಲ್ಲಿ ಎಂಜಿನ್ನು ಚುರುಕಾಗಿ ಎಳೆಯುತ್ತದೆ ಎನ್ನುವ ಡ್ರೈವರುಗಳ ಮಾತೂ ಸುಳ್ಳಲ್ಲ. 10°ಯ ಗಾಳಿ 30°ಯ ಗಾಳಿಗಿಂತ ಸುಮಾರು ಶೇಕಡ 7ರಷ್ಟು ಸಾಂದ್ರವಾದುದರಿಂದ ಸಿಲಿಂಡರಿಗೆ ಹೆಚ್ಚು ಆಮ್ಲಜನಕ ದೊರೆಯುತ್ತದೆ. ಎಂಜಿನ್ನು ಕಾದ ಮೇಲೆ ಇದು ಲಾಭವೇ. ವೇಗವಾಗಿ ಓಡುವ ಕಾರಿಗೆ ಮಾತ್ರ ಅದೇ ಸಾಂದ್ರ ಗಾಳಿಯನ್ನು ಸೀಳಿಕೊಂಡು ಹೋಗುವ ಭಾರ ಹೆಚ್ಚು. ಟ್ರಾಕ್ಟರಿನ ವೇಗದಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ತಣ್ಣನೆಯ ಡೀಸೆಲ್ ಕೂಡ ತುಸು ಸಾಂದ್ರವಾಗಿರುತ್ತದೆ. 35°ಯಲ್ಲಿ ಅಳೆದ ಲೀಟರಿಗಿಂತ 15°ಯಲ್ಲಿ ಅಳೆದ ಲೀಟರಿನಲ್ಲಿ ಶೇಕಡ ಒಂದೂವರೆಯಷ್ಟು ಹೆಚ್ಚು ತೂಕದ ಡೀಸೆಲ್ ಇರುವುದರಿಂದ, ಬಂಕಿನ ಅಳತೆ ಚಳಿಗಾಲದಲ್ಲಿ ಗಿರಾಕಿಯ ಕಡೆಗೇ ಸ್ವಲ್ಪ ವಾಲಿರುತ್ತದೆ.

ಡೀಸೆಲ್ ಹೆಪ್ಪುಗಟ್ಟುವ ಭಯ ನಮ್ಮ ರಾಜ್ಯದಲ್ಲಿಲ್ಲ. ಲಡಾಖಿನಂಥ ಕಡೆ ಡೀಸೆಲ್ಲಿನೊಳಗಿನ ಮೇಣ ಗಟ್ಟಿಯಾಗಿ ಫಿಲ್ಟರು ಕಟ್ಟಿಕೊಳ್ಳುವುದರಿಂದ, ಇಂಡಿಯನ್ ಆಯಿಲ್ ಸಂಸ್ಥೆ ಸೊನ್ನೆಗಿಂತ 33° ಕೆಳಗೂ ಹರಿಯುವ ಚಳಿಗಾಲದ ಡೀಸೆಲ್ಲನ್ನು 2019ರ ನವೆಂಬರಿನಲ್ಲಿ ಅಲ್ಲಿಗೆ ಬಿಡುಗಡೆ ಮಾಡಿತು. ಅಲ್ಲಿ ಸೇವೆಯಲ್ಲಿರುವ ನಮ್ಮ ಕಡೆಯ ಸೈನಿಕರು ರಜೆಯಲ್ಲಿ ಬಂದಾಗ ಈ ವಿಷಯ ಹೇಳುವುದುಂಟು.

ಅಳೆದು ನೋಡುವ ಕ್ರಮ

ಬದಲಾವಣೆಯಿಂದ ಎಷ್ಟು ಉಳಿಯಿತೆಂದು ಪ್ರತಿಯೊಬ್ಬರೂ ತಮ್ಮ ಯಂತ್ರದಲ್ಲೇ ಅಳೆದು ನೋಡಬಹುದು. ಪಂಪ್‌ಸೆಟ್ಟಿನ ಡೀಸೆಲ್ ಟ್ಯಾಂಕನ್ನು ಕುತ್ತಿಗೆಯ ಒಂದು ಗುರುತಿನ ತನಕ ತುಂಬಿ, ಈಗಿರುವ ತಣ್ಣೀರಿನ ಏರ್ಪಾಡಿನಲ್ಲಿ ಒಂದು ಗಂಟೆ ಓಡಿಸಿ ನಿಲ್ಲಿಸಬೇಕು. ಅದೇ ಗುರುತಿಗೆ ಮತ್ತೆ ತುಂಬಲು ಎಷ್ಟು ಡೀಸೆಲ್ ಹಿಡಿಯಿತೆಂದು ಮಿಲಿಲೀಟರ್ ಗುರುತಿರುವ ಅಳತೆಪಾತ್ರೆಯಿಂದ ಅಳೆದು ಬರೆದಿಡಬೇಕು. ಆಮೇಲೆ ನಲ್ಲಿ ಬಿಗಿದು ಅಥವಾ ಪೀಪಾಯಿ ಜೋಡಿಸಿ, ನೀರು 60° ಮುಟ್ಟಿದ ನಂತರ ಮತ್ತೊಂದು ಗಂಟೆ ಓಡಿಸಿ ಅಳೆಯಬೇಕು. ಎರಡು ಸಲವೂ ಬಾವಿಯ ನೀರಿನ ಮಟ್ಟ, ಎಂಜಿನ್ನಿನ ವೇಗ, ನೀರು ಬೀಳುವ ಜಾಗ ಒಂದೇ ಇರತಕ್ಕದ್ದು. ಬಾವಿಯ ನೀರು ಎರಡು ಮಾರು ಕೆಳಗಿಳಿದಿದ್ದರೆ ಲೆಕ್ಕ ತಪ್ಪುತ್ತದೆ. ಒಂದು ದಿನದ ಅಳತೆಯನ್ನು ನಂಬದೆ ಮೂರು ದಿನ ಅಳೆದು ಸರಾಸರಿ ತೆಗೆಯುವುದು ಉತ್ತಮ. ಟ್ರಾಕ್ಟರಿಗಾದರೆ ಒಂದೇ ಹೊಲದ ಎರಡು ಸಮನಾದ ಪಟ್ಟಿಗಳನ್ನು, ಒಂದನ್ನು ಸ್ಟಾರ್ಟ್ ಮಾಡಿದ ಕೂಡಲೇ, ಇನ್ನೊಂದನ್ನು ಎಂಜಿನ್ನು ಕಾದ ಮೇಲೆ, ಅದೇ ಗೇರು ಅದೇ ಆಳದಲ್ಲಿ ಉತ್ತು ನೋಡಬೇಕು. ಟ್ಯಾಂಕು ತುಂಬುವಾಗ ಟ್ರಾಕ್ಟರು ಎರಡು ಸಲವೂ ಸಮತಟ್ಟಾದ ನೆಲದ ಮೇಲೆ ನಿಂತಿರಬೇಕು.